ಪಕ್ಕದ ತೋಟ ದೊಡ್ಡದಾದಾಗ

ಅಪ್ಪನ ಕಬ್ಬಿಣದ ಟ್ರಂಕಿನಲ್ಲಿ ರಬ್ಬರ್ ಬ್ಯಾಂಡ್ ಹಾಕಿದ ಒಂದು ಕಟ್ಟು ಚೀಟಿಗಳಿವೆ. ರಬ್ಬರ್ ಬ್ಯಾಂಡ್ ಒಣಗಿ ಕಾಗದಕ್ಕೇ ಅಂಟಿಕೊಂಡಿದೆ. 1997ರಿಂದ 2006ರವರೆಗಿನವು, ಎಲ್ಲವೂ ಸಕಲೇಶಪುರ ಪೇಟೆಯ ಒಬ್ಬರೇ ಕಾಫಿ ವ್ಯಾಪಾರಿ ಬರೆದುಕೊಟ್ಟವು. ಮೇಲೆ ‘ಶ್ರೀ’, ಕೆಳಗೆ ತಾರೀಖು, ಮುಂಗಡ ಕೊಟ್ಟ ಮೊತ್ತ, ಬಡ್ಡಿ, ಕೊನೆಗೊಂದು ಸಾಲು: ‘ಚೆರಿ ಪೂರಾ ನಮಗೇ ಹಾಕತಕ್ಕದ್ದು.’ ಚೆರಿ ಅಂದರೆ ಹಣ್ಣಿನ ಸಮೇತ ಒಣಗಿಸಿದ ಕಾಫಿ.

ಹಾನುಬಾಳು ಕಡೆ ನಮ್ಮದು ಏಳು ಎಕರೆ ರೋಬಸ್ಟಾ, ಸಿಲ್ವರ್ ಮರಕ್ಕೆ ಹಬ್ಬಿಸಿದ ಮೆಣಸು. ನಾನು ಬಿ.ಎ.ಗೆ ಅಂತ ಹಾಸನಕ್ಕೆ ಹೋದ ವರ್ಷವೇ ಪಕ್ಕದ ತೋಟವನ್ನು ಹೊರಗಿನವರು ಕೊಂಡರು. ಮೊದಲು ನಲವತ್ತು ಎಕರೆ, ಆಮೇಲೆ ಅದರಾಚೆಯದು, ಆಮೇಲೆ ಹಳ್ಳದ ಕೆಳಗಿನದು. ಹತ್ತು ವರ್ಷದಲ್ಲಿ ನೂರೆಂಬತ್ತು ಎಕರೆ. ಕೆಟ್ಟವರೇನಲ್ಲ. ಊರ ದೇವಸ್ಥಾನಕ್ಕೆ ಶೀಟು ಹೊದಿಸಿಕೊಟ್ಟರು, ನಮ್ಮ ದಾರಿಗೆ ಜಲ್ಲಿ ಹಾಕಿಸಿದರು. ‘ಗೌಡ್ರೇ, ಬಡ್ಡಿಗಿಡ್ಡಿ ಬೇಡ, ಕುಯ್ಲು ಮುಗಿದ ಮೇಲೆ ಕೊಡಿ’ ಅಂತ ಅಪ್ಪನಿಗೆ ಎರಡು ಸಲ ರೈಟರ ಕೈಲಿ ಹೇಳಿಯೂ ಕಳಿಸಿದ್ದರು. ಅಪ್ಪ ಹೋಗಲಿಲ್ಲ. ನೂರಕ್ಕೆ ಎರಡರ ಬಡ್ಡಿಗೆ ಪೇಟೆ ಬಸ್ಸು ಹತ್ತಿದರು.

ಬಡ್ಡಿಯಿಲ್ಲದ ದುಡ್ಡು ಬೇಲಿ ಆಚೆಗೇ ಇರುವಾಗ ಅಷ್ಟು ದೂರ ಯಾಕೆ ಹೋಗಬೇಕು ಅಂತ ಕೇಳಿದೆ. ಕಣದಲ್ಲಿ ಕಾಫಿ ಎಳೆಯುತ್ತಿದ್ದರು. ಹಲಗೆ ನಿಲ್ಲಿಸದೆ ಹೇಳಿದರು: “ಪಕ್ಕದೋರ ಸಾಲ ದಿನಾ ಬೆಳಗ್ಗೆ ಬೇಲಿ ಹತ್ರ ಬಂದು ನಿಂತ್ಕತದೆ ಕಣವ್ವ. ಪೇಟೆಯೋನ ಸಾಲ ಸಂತೆ ದಿನ ಮಾತ್ರ.”

ಆಗ ಅದು ನನಗೆ ಬರೀ ಹಠ ಅನ್ನಿಸಿತ್ತು.

ಇದನ್ನು ಮತ್ತೆ ನೆನಪಿಗೆ ತಂದವನು ಆಲೂರು ಕಡೆಯ ನನ್ನ ಒಬ್ಬ ವಿದ್ಯಾರ್ಥಿ. ನಾನು ಡಿಗ್ರಿ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಹೇಳುವವಳು. ಅಂತಾರಾಷ್ಟ್ರೀಯ ಸಂಬಂಧಗಳ ಪೇಪರ್ ಮಧ್ಯಾಹ್ನದ ಪೀರಿಯಡ್‌ಗೆ ಬಿದ್ದರೆ ಅರ್ಧ ಕ್ಲಾಸು ತೂಕಡಿಸುತ್ತದೆ. ‘ಏಳುತ್ತಿರುವ ಮಹಾಶಕ್ತಿಗಳು ಮತ್ತು ಪ್ರಾದೇಶಿಕ ಉಪವ್ಯವಸ್ಥೆ’ ಅನ್ನುವ ಪಾಠಕ್ಕಂತೂ ಹೆಸರು ಕೇಳಿಯೇ ನಿದ್ದೆ ಬರುತ್ತದೆ. ಅದಕ್ಕೆ ಈ ಫೆಬ್ರವರಿಯಲ್ಲಿ ಹುಡುಗರನ್ನು ಮಂಜರಾಬಾದ್ ಕೋಟೆಗೆ ಕರೆದುಕೊಂಡು ಹೋದೆ. ಸಕಲೇಶಪುರದಿಂದ ಮಂಗಳೂರು ರಸ್ತೆಯಲ್ಲಿ ಐದಾರು ಕಿಲೋಮೀಟರ್, ದೋಣಿಗಾಲ್ ಹತ್ತಿರ. ಮೆಟ್ಟಿಲ ಬುಡದಲ್ಲಿ ಸೌತೆಕಾಯಿ ಸೀಳಿ ಉಪ್ಪುಖಾರ ಸವರಿ ಕೊಡುತ್ತಾರೆ. ಅದನ್ನು ತಿನ್ನುವುದಕ್ಕೇ ಅರ್ಧ ಗಂಟೆ ಹೋಯಿತು.

1792ರಲ್ಲಿ ಟಿಪ್ಪು ಕಟ್ಟಿಸಿದ ಕೋಟೆ. ಎಂಟು ಮೂಲೆಯ ನಕ್ಷತ್ರ. ಹುಡುಗರ ಮೊಬೈಲಿನ ಡ್ರೋನ್ ಚಿತ್ರದಲ್ಲಿ ಚುಕ್ಕಿ ಇಟ್ಟು ಬಿಡಿಸಿದ ರಂಗೋಲಿ ಥರ ಕಾಣುತ್ತದೆ. ಒಳಗೆ ನಿಂತರೆ ಬರೀ ಗೋಡೆ, ಗಾಳಿ. ಫಿರಂಗಿ ಗುಂಡಿಗೆ ಎದುರು ನಿಲ್ಲಲು ಯುರೋಪಿನವರು ಕಂಡುಕೊಂಡ ಮಾದರಿ ಇದು, ಫ್ರೆಂಚರ ಕೋಟೆ ವಿದ್ಯೆ. ನಮ್ಮ ಮಂಜಿನ ಗುಡ್ಡದ ನೆತ್ತಿಗೆ ಆ ವಿದ್ಯೆ ಬಂದು ಕೂತಿದೆ ಅಂದರೆ, ಪ್ಯಾರಿಸ್ಸಿಗೂ ಲಂಡನ್ನಿಗೂ ಇದ್ದ ಜಗಳ ಅಷ್ಟು ಹೊತ್ತಿಗೆ ಬಿಸಿಲೆ ಘಾಟಿ ತನಕ ಬಂದು ಮುಟ್ಟಿತ್ತು ಅಂತ ವಿವರಿಸುತ್ತಿದ್ದೆ. ಕೆಳಗೆ ಹೆದ್ದಾರಿಯಲ್ಲಿ ಲಾರಿಗಳು ಶಿರಾಡಿ ಕಡೆ ಇಳಿಯುತ್ತಿದ್ದವು.

ಆಗ ಅವನು ಕೇಳಿದ. “ಮೇಡಂ, ಮರಾಠ್ರು, ನಿಜಾಮ್ರು ಇಲ್ಲಿಯೋರೇ ತಾನೆ? ಇಂಗ್ಲಿಷ್‌ನೋರು ಎಲ್ಲಿಂದ್ಲೋ ಬಂದೋರು. ಅವರ ಜೊತೆ ಸೇರ್ಕಂಡು ಟಿಪ್ಪು ಮೇಲೆ ಯಾಕ್ ಬಂದ್ರು? ಇವರಿಗೆ ತಲೆ ಕೆಟ್ಟಿತ್ತಾ?”

ನಾನು ಪುಸ್ತಕದ ಉತ್ತರ ಕೊಟ್ಟೆ. ಸ್ವಾರ್ಥ, ಒಗ್ಗಟ್ಟಿನ ಕೊರತೆ, ದೂರದೃಷ್ಟಿ ಇಲ್ಲದಿರುವುದು. ಅವನು ತಲೆಯಾಡಿಸಿದ, ಆದರೆ ಮುಖ ಒಪ್ಪಲಿಲ್ಲ. ವಾಪಸ್ ಬರುವಾಗ ಬಸ್ಸಿನಲ್ಲಿ ಅಪ್ಪನ ಹಲಗೆ ಸದ್ದು ಕೇಳಿದ ಹಾಗಾಯಿತು.

ಪುಣೆಯಲ್ಲೋ ಹೈದರಾಬಾದಿನಲ್ಲೋ ಕೂತು ನೋಡಿದರೆ ಆ ಕಾಲ ಬೇರೆಯೇ ಕಾಣುತ್ತದೆ. 1761ರಲ್ಲಿ ಹೈದರಾಲಿ ಅಧಿಕಾರ ಹಿಡಿಯುವ ಮೊದಲು ಮೈಸೂರು ಅಂದರೆ ಕಪ್ಪ ಕೊಡುವ ಒಂದು ರಾಜ್ಯ. ಇಪ್ಪತ್ತು ವರ್ಷದಲ್ಲಿ ಅದು ಕೃಷ್ಣೆಯ ಕಡೆಯಿಂದ ಮಲಬಾರ್ ತನಕ ಹಬ್ಬಿತು. ಬಿದನೂರು ಹೋಯಿತು, ಚಿತ್ರದುರ್ಗ ಹೋಯಿತು, ಕಡಪ, ಸವಣೂರು ನಡುಗಿದವು. ನಿಜಾಮನಿಗೆ ದಿನಾ ಬೆಳಗ್ಗೆ ಬೇಲಿ ಹತ್ತಿರ ನಿಲ್ಲುತ್ತಿದ್ದವನು ಶ್ರೀರಂಗಪಟ್ಟಣದವನು. ಇಂಗ್ಲಿಷರ ಈಸ್ಟ್ ಇಂಡಿಯಾ ಕಂಪನಿ ಬಂಗಾಳವನ್ನು ನುಂಗಿದ್ದು ಇವರಿಗೆ ಗೊತ್ತಿರಲಿಲ್ಲ ಅಂತಲ್ಲ. ಬಂಗಾಳ ದೂರ, ತುಂಗಭದ್ರೆ ಹತ್ತಿರ.

ಇದನ್ನು ದ್ರೋಹಿಗಳ ಕತೆ ಅಂತ ಹೇಳಿದರೆ ಇನ್ನೊಂದು ತೊಡಕಿದೆ. 1780ರಲ್ಲಿ ಇದೇ ಹೈದರ್, ಇದೇ ಮರಾಠರು, ಇದೇ ನಿಜಾಮ ಮೂವರೂ ಇಂಗ್ಲಿಷರ ವಿರುದ್ಧ ಒಂದಾಗಿದ್ದರು. ಹತ್ತೇ ವರ್ಷ. ನಡುವೆ ಮರಾಠರು 1782ರ ಸಾಲ್ಬಾಯಿ ಒಪ್ಪಂದದಲ್ಲಿ ಇಂಗ್ಲಿಷರ ಜೊತೆ ರಾಜಿಯಾದರು, 1785ರಿಂದ ಎರಡು ವರ್ಷ ನಿಜಾಮನನ್ನು ಸೇರಿಸಿಕೊಂಡು ಟಿಪ್ಪುವಿನ ಜೊತೆ ಕಾದಾಡಿದರು, 1790ರಲ್ಲಿ ಇಬ್ಬರೂ ಕಂಪನಿಯ ಜೊತೆ ಕರಾರು ಮಾಡಿಕೊಂಡರು. 1792ರ ಮಾರ್ಚಿನಲ್ಲಿ ಟಿಪ್ಪು ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ, ಒತ್ತೆಗೆ ಇಬ್ಬರು ಮಕ್ಕಳು, ಇಷ್ಟನ್ನು ಕೊಟ್ಟು ಯುದ್ಧ ನಿಲ್ಲಿಸಿದ. ಕೊಡಗು ಇಂಗ್ಲಿಷರ ನೆರಳಿಗೆ ಹೋಯಿತು. ಮಂಜರಾಬಾದ್ ಆ ವರ್ಷದ ಕೋಟೆ. ಅದು ಗೆದ್ದವನ ಕೋಟೆಯಲ್ಲ, ಮಂಗಳೂರಿನ ದಾರಿಯಾದರೂ ಉಳಿಯಲಿ ಅಂತ ಕಾದವನ ಕೋಟೆ.

ಮುಂದಿನದು ಚೀಟಿಯ ಕೊನೆಯ ಸಾಲು. 1795ರಲ್ಲಿ ಖರ್ಡಾದಲ್ಲಿ ಮರಾಠರು ನಿಜಾಮನನ್ನು ಬಡಿದಾಗ ಅವನ ದೂರದ ನೆಂಟ ಕಂಪನಿ ತಟಸ್ಥವಾಗಿ ನಿಂತು ನೋಡಿತು. 1798ರಲ್ಲಿ ನಿಜಾಮ ಸಹಾಯಕ ಸೈನ್ಯ ಪದ್ಧತಿಗೆ ಸಹಿ ಹಾಕಿದ: ಕಂಪನಿಯ ಪಡೆಗೆ ಖರ್ಚು ಕೊಡಬೇಕು, ತನ್ನ ಫ್ರೆಂಚ್ ಪಡೆಯನ್ನು ಬರಖಾಸ್ತು ಮಾಡಬೇಕು, ಕಂಪನಿಯನ್ನು ಕೇಳದೆ ಇನ್ನೊಬ್ಬ ರಾಜನ ಜೊತೆ ವ್ಯವಹಾರ ಮಾಡಬಾರದು. ಚೆರಿ ಪೂರಾ ನಮಗೇ ಹಾಕತಕ್ಕದ್ದು. 1802ರಲ್ಲಿ ಪೇಶ್ವೆಯೂ ಅದೇ ಚೀಟಿಗೆ ಸಹಿ ಮಾಡಿದ, 1818ಕ್ಕೆ ಪೇಶ್ವೆ ಪಟ್ಟವೇ ಇರಲಿಲ್ಲ.

ಅಪ್ಪನಿಗೂ ಅದೇ ಆಯಿತು, ಸಣ್ಣ ಪ್ರಮಾಣದಲ್ಲಿ. 2001–02ರಲ್ಲಿ ಕಾಫಿ ರೇಟು ಮೂವತ್ತು ವರ್ಷದಲ್ಲಿ ಕಾಣದಷ್ಟು ಬಿತ್ತು. ಮುಂಗಡ ತೀರಲಿಲ್ಲ, ವ್ಯಾಪಾರಿ ಹೇಳಿದ ರೇಟಿಗೇ ಚೆರಿ ಹಾಕಬೇಕಾಯಿತು, ಔಟ್‌ಟರ್ನ್, ಅಂದರೆ ಚೆರಿಯಿಂದ ಸಿಗುವ ಬೀಜದ ಪಾಲು, ಕಮ್ಮಿ ಅಂತ ಅದರಲ್ಲೂ ಕಡಿತ. ಕೊನೆಗೆ ಹಳ್ಳದ ಪಕ್ಕದ ಅರ್ಧ ಎಕರೆ ಗದ್ದೆ ಮಾರಿ ಬಾಕಿ ಕಟ್ಟಿದರು. ಆ ಗದ್ದೆ ಕೊಂಡಿದ್ದು ಯಾರು ಅಂತ ಬೇರೆ ಹೇಳಬೇಕಾಗಿಲ್ಲ.

ಇಷ್ಟನ್ನು ನಮ್ಮ ಕಡೆಯವರಿಗೆ ಹೇಳಿಕೊಡಲು ಪರದೇಶದ ಪ್ರೊಫೆಸರುಗಳೇ ಬೇಕಿರಲಿಲ್ಲ. 1905ರಲ್ಲಿ ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ಸಿಕ್ಕಿ, 1909ರಲ್ಲಿ ಅಚ್ಚಾದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಇದೆಲ್ಲ ಇದೆ. ಮಂಡಲ ಅಂತ ಅದರ ಹೆಸರು. ಗೆಲ್ಲಬೇಕೆನ್ನುವ ವಿಜಿಗೀಷು ನಡುವೆ. ಗಡಿ ಹಂಚಿಕೊಂಡವನು ಅರಿ. ಅರಿಯ ಆಚೆಯವನು ಮಿತ್ರ. ಬೆನ್ನ ಹಿಂದಿನವನು ಪಾರ್ಷ್ಣಿಗ್ರಾಹ, ಅಂದರೆ ಹಿಮ್ಮಡಿ ಹಿಡಿದು ಎಳೆಯುವವನು. ಎಲ್ಲರಿಗಿಂತ ಆಚೆ, ಎಲ್ಲರಿಗಿಂತ ಬಲವಾಗಿ ಕೂತವನ ಹೆಸರು ಉದಾಸೀನ. ಈಗ ನಾವು ಆ ಪದವನ್ನು ಅಸಡ್ಡೆ ಅನ್ನುವುದಕ್ಕೆ ಬಳಸುತ್ತೇವೆ. ಕೌಟಿಲ್ಯನ ಉದಾಸೀನ ಅಸಡ್ಡೆಯವನಲ್ಲ; ಅವನು ಒಂದು ಕಡೆ ವಾಲಿದರೆ ಮಂಡಲವೇ ವಾಲುತ್ತದೆ. 1790ರ ಕಂಪನಿ ಅದು. ಇವತ್ತು ಕಠ್ಮಂಡುವಿಗೆ, ಮಾಲೆಗೆ, ಕೊಲಂಬೊಗೆ ಬೀಜಿಂಗ್ ಅದು.

ಈ ಮಾತಿಗೆ ಸ್ಟಾಫ್ ರೂಮಿನಲ್ಲಿ ಸಿಟ್ಟು ಬರುತ್ತದೆ. ನಾವು ಚೀನಾವನ್ನು ದೊಡ್ಡ ತೋಟದವರ ಜಾಗದಲ್ಲಿಟ್ಟು, ನಮ್ಮನ್ನು ಏಳು ಎಕರೆಯ ಗೌಡರ ಜಾಗದಲ್ಲಿಟ್ಟು ನೋಡುವುದಕ್ಕೆ ಒಗ್ಗಿಹೋಗಿದ್ದೇವೆ. ಹಿಮಾಲಯದ ಆಚೆ ನೋಡುವಾಗ ಅದು ಸರಿಯೂ ಇರಬಹುದು. ಆದರೆ ನಮ್ಮ ಸುತ್ತಲಿನವರಿಗೆ ನೂರೆಂಬತ್ತು ಎಕರೆ ನಾವೇ. ನೇಪಾಳ, ಭೂತಾನ್, ಬಾಂಗ್ಲಾ, ಶ್ರೀಲಂಕಾ, ಮಾಲ್ಡೀವ್ಸ್, ಇವು ಪ್ರತಿಯೊಂದಕ್ಕೂ ನೆಲದ ಮೇಲೋ ನೀರಿನ ಮೇಲೋ ನಮ್ಮ ಜೊತೆ ಬೇಲಿ ಇದೆ. ಒಬ್ಬರಿಗೊಬ್ಬರ ಜೊತೆ ನೆಲದ ಬೇಲಿ ಇಲ್ಲ. ಹೆಚ್ಚಿನವರು ಮಾತಾಡಬೇಕಾದರೂ ನಮ್ಮ ಅಂಗಳ ದಾಟಿಯೇ ಹೋಗಬೇಕು.

ನೇಪಾಳದ್ದೇ ತೆಗೆದುಕೊಳ್ಳಿ. 2015ರ ಏಪ್ರಿಲ್‌ನಲ್ಲಿ ಭೂಕಂಪ, ಸುಮಾರು ಒಂಬತ್ತು ಸಾವಿರ ಜನ ಹೋದರು. ಮೊದಲು ಓಡಿಹೋದವರಲ್ಲಿ ನಾವು ಇದ್ದೆವು, ನಮ್ಮ ವಿಮಾನಗಳು ಕೆಲವೇ ಗಂಟೆಗಳಲ್ಲಿ ಅಲ್ಲಿದ್ದವು. ಅದೇ ವರ್ಷ ಸೆಪ್ಟೆಂಬರ್ 20ಕ್ಕೆ ಹೊಸ ಸಂವಿಧಾನ ಬಂತು. ಅದನ್ನು ಒಪ್ಪದ, ನಮ್ಮ ಗಡಿಗೆ ತಾಗಿದ ಬಯಲಿನ ಮಧೇಸಿಗಳು ಗಡಿಯಲ್ಲಿ ಕೂತರು, ಲಾರಿಗಳು ನಿಂತವು. ಅದು ಮಧೇಸಿಗಳ ಪ್ರತಿಭಟನೆ, ನಮ್ಮದೇನಿಲ್ಲ ಅಂತ ದಿಲ್ಲಿ ಹೇಳಿತು. ಕಠ್ಮಂಡು ನಂಬಲಿಲ್ಲ. ನಾಲ್ಕು ತಿಂಗಳಿಗೂ ಮೇಲೆ ಪೆಟ್ರೋಲ್ ಇಲ್ಲ, ಸಿಲಿಂಡರ್ ಇಲ್ಲ, ಚಳಿಗಾಲ ಬೇರೆ. ಸೌದೆ ಒಲೆಯಲ್ಲಿ ಅಡುಗೆ ಮಾಡಿದ ಆ ಚಳಿಗಾಲ ಭೂಕಂಪದ ಉಪಕಾರವನ್ನು ಅಳಿಸಿಹಾಕಿತು. 2016ರ ಮಾರ್ಚಿನಲ್ಲಿ ಪ್ರಧಾನಿ ಓಲಿ ಬೀಜಿಂಗಿಗೆ ಹೋಗಿ ಸಾಗಣೆ ಒಪ್ಪಂದ ಮಾಡಿಕೊಂಡರು, 2017ರಲ್ಲಿ ನೇಪಾಳ ಚೀನಾದ ಬೆಲ್ಟ್ ಅಂಡ್ ರೋಡ್ ಯೋಜನೆ ಸೇರಿತು. ಚೀನಾದ ಬಂದರು ಸಾವಿರಾರು ಕಿಲೋಮೀಟರ್ ದೂರ, ಕೊಲ್ಕತ್ತ ಹತ್ತಿರ. ಇವತ್ತಿಗೂ ನೇಪಾಳದ ವ್ಯಾಪಾರದಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ನಮ್ಮ ಜೊತೆಗೇ. ಹಾಗಾದರೆ ಆ ಒಪ್ಪಂದದಿಂದ ಏನು ಬಂತು? ಏನೂ ಸಾಗದಿದ್ದರೂ ಬಂತು. ಪೇಟೆಯಲ್ಲಿ ಇನ್ನೊಬ್ಬ ವ್ಯಾಪಾರಿ ಇದ್ದಾನೆ ಅಂತ ಪಕ್ಕದವರಿಗೆ ಗೊತ್ತಾದರೆ ಸಾಕು, ಅವರ ಮಾತಿನ ಧಾಟಿ ಬದಲಾಗುತ್ತದೆ.

ಇದು ಮೊದಲ ಸಲವೂ ಅಲ್ಲ. 1988ರಲ್ಲಿ ನೇಪಾಳ ಚೀನಾದಿಂದ ಶಸ್ತ್ರ ತರಿಸಿತು, 1989ರಲ್ಲಿ ಸಾಗಣೆ ಒಪ್ಪಂದ ಮುಗಿದಾಗ ನಾವು ನವೀಕರಿಸದೆ ಹೆಚ್ಚಿನ ಗಡಿ ದಾರಿಗಳನ್ನು ಮುಚ್ಚಿದೆವು. ಪಾಠ ಕಲಿಯಬೇಕಾದವರು ನೇಪಾಳದವರೋ ನಾವೋ ಅನ್ನುವ ಅನುಮಾನ ನನಗಿದೆ.

ಶ್ರೀಲಂಕಾದ ಕತೆಯನ್ನು ವಾಟ್ಸಾಪ್‌ನಲ್ಲಿ ಎಲ್ಲರೂ ಓದಿದ್ದಾರೆ: ಚೀನಾ ಸಾಲ ಕೊಟ್ಟಿತು, ತೀರಿಸಲಾಗಲಿಲ್ಲ, ಹಂಬನ್‌ತೋಟ ಬಂದರು 2017ರಲ್ಲಿ 99 ವರ್ಷಕ್ಕೆ ಗುತ್ತಿಗೆ ಹೋಯಿತು. ಗುತ್ತಿಗೆ ಹೋಗಿದ್ದು ನಿಜ, 112 ಕೋಟಿ ಡಾಲರಿಗೆ. ಆದರೆ 2022ರ ಏಪ್ರಿಲ್‌ನಲ್ಲಿ ಆ ದೇಶ ಸಾಲ ಕಟ್ಟಲಾರೆ ಅಂತ ಕೈಚೆಲ್ಲಿದಾಗ, ಅದರ ಹೊರಗಿನ ಸಾಲದಲ್ಲಿ ಅತಿ ದೊಡ್ಡ ಪಾಲು ಚೀನಾದ್ದಲ್ಲ, ಅಂತಾರಾಷ್ಟ್ರೀಯ ಬಾಂಡ್ ಮಾರುಕಟ್ಟೆಯದು. ಆ ವರ್ಷ ಸುಮಾರು 400 ಕೋಟಿ ಡಾಲರಿನ ನೆರವು, ಅಕ್ಕಿ, ಡೀಸೆಲ್, ಔಷಧಿಯ ಸಾಲ ಕೊಟ್ಟವರು ನಾವು. ಅದೇ ಆಗಸ್ಟಿನಲ್ಲಿ ನಾವು ಬೇಡವೆಂದರೂ ಉಪಗ್ರಹ, ಕ್ಷಿಪಣಿಗಳ ಜಾಡು ಹಿಡಿಯುವ ಯುವಾನ್ ವಾಂಗ್-5 ಎಂಬ ಚೀನೀ ಹಡಗು ಹಂಬನ್‌ತೋಟಕ್ಕೆ ಬಂದು ಲಂಗರು ಹಾಕಿತು. ಕೃತಘ್ನರು ಅಂತ ನಮ್ಮ ಟಿವಿಯವರು ಕೂಗಿದರು. 1987ರಿಂದ 1990ರವರೆಗೆ ನಮ್ಮ ಶಾಂತಿಪಾಲನಾ ಪಡೆ ಅಲ್ಲಿ ಇತ್ತು, ನಮ್ಮ ಸುಮಾರು 1,200 ಸೈನಿಕರು ಅಲ್ಲಿ ಸತ್ತರು. ಅಲ್ಲಿ ಸಿಂಹಳೀಯರಿಗೂ ತಮಿಳರಿಗೂ ಅದರ ನೆನಪು ಬೇರೆ ಬೇರೆ ಕಾರಣಕ್ಕೆ ಕಹಿಯಾಗಿಯೇ ಇದೆ. ನಮ್ಮ ತೋಟದ ಪಕ್ಕದವರು ಹಾಕಿಸಿದ ಜಲ್ಲಿ ರಸ್ತೆಯಲ್ಲಿ ನಡೆಯುವಾಗ ಅಪ್ಪ ಒಂದು ದಿನವೂ ಒಳ್ಳೆ ಮಾತಾಡಿದ್ದು ನಾನು ಕೇಳಿಲ್ಲ.

ಮಾಲ್ಡೀವ್ಸ್ ಇದನ್ನು ಇನ್ನೂ ಬೇಗ ಮಾಡಿ ತೋರಿಸಿತು. 2023ರ ಅಧ್ಯಕ್ಷ ಚುನಾವಣೆಯಲ್ಲಿ ಮುಯಿಝು ‘ಇಂಡಿಯಾ ಔಟ್’ ಎಂದು ಗೆದ್ದರು. 2024ರ ಮೇ 10ರೊಳಗೆ ಅಲ್ಲಿದ್ದ ನಮ್ಮ ಸೈನಿಕರು, ನೂರಕ್ಕೂ ಕಡಿಮೆ ಜನ, ವಾಪಸ್ ಬಂದರು. ಅದೇ ಅಕ್ಟೋಬರ್‌ನಲ್ಲಿ ಅವರೇ ದಿಲ್ಲಿಗೆ ಬಂದು 40 ಕೋಟಿ ಡಾಲರ್ ಮತ್ತು 3,000 ಕೋಟಿ ರೂಪಾಯಿಯ ಕರೆನ್ಸಿ ಸೌಲಭ್ಯ ತೆಗೆದುಕೊಂಡು ಹೋದರು. ಕೆಲವರು ಅದನ್ನು ನಮ್ಮ ಗೆಲುವು ಅಂದರು. ಐದು ಲಕ್ಷ ಜನರ ದೇಶ ಎರಡು ಮಹಾಶಕ್ತಿಗಳ ನಡುವೆ ಒಂದೇ ವರ್ಷದಲ್ಲಿ ಹೀಗೆ ವ್ಯಾಪಾರ ಕುದುರಿಸಿಕೊಂಡರೆ ನನಗಂತೂ ಅದು ಅವರ ಗೆಲುವಿನಂತೆಯೇ ಕಂಡಿತು.

ಕೋಣನೆರಡು ಹೋರೆ ಗಿಡುವಿಗೆ ಮಿತ್ತು ಅಂತ ಹಳೆಯ ಕನ್ನಡದ ಮಾತಿದೆ; ಎರಡು ಕೋಣ ಕಾದಾಡಿದರೆ ಸಾಯುವುದು ನಡುವಿನ ಗಿಡ ಅಂತ. ಸೆಮಿನಾರುಗಳಲ್ಲಿ ಇದನ್ನು ಹೇಳದೆ ಯಾರೂ ಕೂರುವುದಿಲ್ಲ. ಗಿಡ ಸಾಯುವುದು ನಿಜ, ಆದರೆ ನನಗೆ ಈ ಗಾದೆ ಪೂರ್ತಿ ಒಗ್ಗುವುದಿಲ್ಲ, ಯಾಕೆಂದರೆ ನಾನು ಆನೆ ಓಡಾಡುವ ಸೀಮೆಯವಳು. ಆನೆ ಬಂದರೆ ಮೊದಲು ಕೆಡುವುದು ನೆರೆಹೊರೆಯವರ ಸಂಬಂಧ. ದೊಡ್ಡ ತೋಟದವರು ನಾಲ್ಕು ವರ್ಷದ ಹಿಂದೆ ಸುತ್ತಲೂ ಸೋಲಾರ್ ಬೇಲಿ ಹಾಕಿಸಿದರು. ಅವರ ತಪ್ಪೇನೂ ಇಲ್ಲ, ಅವರ ತೋಟ ಅವರು ಕಾಯ್ದುಕೊಂಡರು. ಹಳ್ಳದ ದಾರಿಯಲ್ಲಿ ಹಾಯುತ್ತಿದ್ದ ಹಿಂಡು ಮೇಲಿನ ಮನೆಯವರ ತೋಟಕ್ಕೆ ತಿರುಗಿತು. ಅವರೂ ಸಾಲ ಮಾಡಿ ಬೇಲಿ ಹಾಕಿದರು. ಹಿಂಡು ನಮ್ಮಲ್ಲಿಗೆ ಬಂತು. ಮೂವತ್ತು ವರ್ಷ ಮುಯ್ಯಾಳು ಮಾಡಿಕೊಂಡು ಒಬ್ಬರ ಕುಯ್ಲಿಗೆ ಇನ್ನೊಬ್ಬರು ಹೋಗುತ್ತಿದ್ದ ಎರಡು ಮನೆಯವರು ಮಾತು ಬಿಟ್ಟೆವು. ರಾತ್ರಿ ಅವರು ಪಟಾಕಿ ಹೊಡೆದು ನಮ್ಮ ಕಡೆ ಅಟ್ಟಿದರು ಅಂತ ನಾವು, ನಾವು ಅಟ್ಟಿದೆವು ಅಂತ ಅವರು. ನೂರೆಂಬತ್ತು ಎಕರೆಯವರಿಗೆ ಇದು ಗೊತ್ತೂ ಇಲ್ಲ. ದೊಡ್ಡವನು ಒಂದು ಕಡೆ ಮಗ್ಗುಲು ಬದಲಿಸಿದರೆ ಸಣ್ಣವರಿಬ್ಬರ ನಡುವಿನ ಲೆಕ್ಕ ತಪ್ಪುತ್ತದೆ ಅನ್ನುವುದನ್ನು ನನಗೆ ಕಲಿಸಿದ್ದು ಯಾವ ಸಿದ್ಧಾಂತವೂ ಅಲ್ಲ, ಆ ಬೇಲಿ.

ದಕ್ಷಿಣ ಏಷ್ಯಾದ ನೆರೆದೇಶಗಳ ಕೂಟ ಸಾರ್ಕ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. 1985ರಲ್ಲಿ ಢಾಕಾದಲ್ಲಿ ಹುಟ್ಟಿತು, 2014ರ ನವೆಂಬರ್‌ನಲ್ಲಿ ಕಠ್ಮಂಡುವಿನಲ್ಲಿ ಕೊನೆಯ ಶೃಂಗಸಭೆ, 2016ರ ಇಸ್ಲಾಮಾಬಾದ್ ಸಭೆ ಉರಿ ದಾಳಿಯ ಮೇಲೆ ನಡೆಯಲೇ ಇಲ್ಲ. ನೆರೆಯವರೊಳಗಿನ ವ್ಯಾಪಾರ ನೂರಕ್ಕೆ ಐದರ ಆಸುಪಾಸು. ಪರೀಕ್ಷೆಗೆ ಇಷ್ಟು ಸಾಕು.

ನಮ್ಮದೇ ಜಿಲ್ಲೆಯಲ್ಲಿ ಇದಕ್ಕಿಂತ ಚೆನ್ನಾದ ಪಾಠವಿದೆ. ಹೊಯ್ಸಳರು ಮೂಡಿಗೆರೆ ತಾಲ್ಲೂಕಿನ ಅಂಗಡಿಯಿಂದ, ಅಂದರೆ ನಮ್ಮಂಥದೇ ಮಲೆಯಿಂದ ಇಳಿದುಬಂದವರು. ಚಾಲುಕ್ಯರ ಕೈಕೆಳಗಿದ್ದವರು 1116ರಲ್ಲಿ ತಲಕಾಡಿನಲ್ಲಿ ಚೋಳರನ್ನು ಸೋಲಿಸಿದರು, ಮರುವರ್ಷ ಬೇಲೂರಿನಲ್ಲಿ ಗುಡಿ ಎದ್ದಿತು. ಬೇಲೂರಿನ ಗೈಡುಗಳು ಸಳ-ಹುಲಿ ಕತೆ ಹೇಳಿ ಶಿಲಾಬಾಲಿಕೆಯರ ಕಡೆ ತಿರುಗಿಬಿಡುತ್ತಾರೆ. ನನಗೆ ಬೇಕಾದ ಕತೆ ಅದರ ನೂರು ವರ್ಷದ ಮೇಲಿನದು. ಚೋಳರು ಈಗ ಬಡವಾಗಿದ್ದರು, ಪಾಂಡ್ಯರು ಏಳುತ್ತಿದ್ದರು. 1231ರ ಹೊತ್ತಿಗೆ ಕಾಡವ ಕೋಪ್ಪೆರುಂಜಿಂಗ ಚೋಳ ರಾಜರಾಜನನ್ನು ಸೆರೆ ಹಿಡಿದಾಗ ಬಿಡಿಸಿದವರು ಯಾರು? ಹಳೆಯ ಶತ್ರು ಹೊಯ್ಸಳರೇ. ಇಮ್ಮಡಿ ನರಸಿಂಹನಿಗೆ ಚೋಳರಾಜ್ಯ ಪ್ರತಿಷ್ಠಾಚಾರ್ಯ ಅಂತ ಬಿರುದು ಬಂದಿದ್ದು ಹಾಗೆ. ಚೋಳರ ಮೇಲಿನ ಪ್ರೀತಿ ಅಲ್ಲ. ಕಾವೇರಿ ಕೆಳಗೆ ಒಬ್ಬನೇ ದೊಡ್ಡವನಾಗಬಾರದು ಅನ್ನುವ ಲೆಕ್ಕ. ಶ್ರೀರಂಗದ ಹತ್ತಿರ ಕಣ್ಣನೂರಿನಲ್ಲಿ ಇನ್ನೊಂದು ರಾಜಧಾನಿಯನ್ನೇ ಮಾಡಿಕೊಂಡರು.

ಬೇರೆಯವರ ಅಂಗಳದಲ್ಲಿ ತಕ್ಕಡಿ ಹಿಡಿದು ನಿಂತವನಿಗೆ ಅಲ್ಲಿಂದ ಏಳುವುದು ಕಷ್ಟ. 1311ರಲ್ಲಿ ಪಾಂಡ್ಯ ಸಹೋದರರ ದಾಯಾದಿ ಜಗಳದಲ್ಲಿ ಲಾಭ ನೋಡಲು ಮೂರನೇ ಬಲ್ಲಾಳ ತಮಿಳುನಾಡಿನ ಕಡೆ ಹೋಗಿದ್ದ. ದಿಲ್ಲಿ ಸುಲ್ತಾನನ ಸೇನಾಪತಿ ಮಲಿಕ್ ಕಾಫೂರನ ದಂಡು ದೋರಸಮುದ್ರಕ್ಕೆ, ಅಂದರೆ ಈಗಿನ ಹಳೇಬೀಡಿಗೆ, ಬಂದಿದ್ದು ಆಗಲೇ. ದಿಲ್ಲಿ ಆಗ ಈ ಮಂಡಲಕ್ಕೆ ಉದಾಸೀನ, ತೀರಾ ದೂರದವರು. ಬಲ್ಲಾಳ ಓಡಿಬಂದ, ತಲೆಬಾಗಿದ. ಹಳೇಬೀಡಿನ ಹೊಯ್ಸಳೇಶ್ವರನ ಹಿಂದೆ ಮಧ್ಯಾಹ್ನದ ಹೊತ್ತು ಕೂತರೆ ನನಗೆ ಇದೇ ತಲೆಯಲ್ಲಿ ಸುತ್ತುತ್ತದೆ.

ಈಗ ಮೆಣಸಿನ ವಿಷಯ. ಅಣ್ಣ ಇದನ್ನು ಬರೀ ಅಂತ ಒತ್ತಾಯ ಮಾಡಿದ್ದಾನೆ.

1996ರಲ್ಲಿ ವಿದೇಶಾಂಗ ಸಚಿವರಾಗಿದ್ದ ಐ.ಕೆ. ಗುಜ್ರಾಲ್ ಒಂದು ನೀತಿ ಹೇಳಿದರು: ಸಣ್ಣ ನೆರೆಯವರಿಗೆ ಕೊಡುವಾಗ ತಿರುಗಿ ಕೊಡಲಿ ಅಂತ ಕಾಯಬಾರದು. ಒಳ್ಳೆಯ ಮಾತು, ದೊಡ್ಡ ಮನೆಗೆ ಒಪ್ಪುವ ಮಾತು. ಆ ಗಾಳಿಯಲ್ಲೇ 1998ರ ಡಿಸೆಂಬರ್‌ನಲ್ಲಿ ಶ್ರೀಲಂಕಾದ ಜೊತೆ ಮುಕ್ತ ವ್ಯಾಪಾರ ಒಪ್ಪಂದ ಆಯಿತು, 2000ದಲ್ಲಿ ಜಾರಿಗೆ ಬಂತು. ಜಗತ್ತಿನಲ್ಲಿ ಅತಿ ಹೆಚ್ಚು ಮೆಣಸು ಬೆಳೆಯುವುದು ವಿಯೆಟ್ನಾಂ. ಅಲ್ಲಿನ ಅಗ್ಗದ ಮೆಣಸು ಕೊಲಂಬೊದಲ್ಲಿ ಹೆಸರು ಬದಲಿಸಿಕೊಂಡು ಸುಂಕವಿಲ್ಲದೆ ಇಲ್ಲಿಗೆ ಬರುತ್ತಿದೆ ಅನ್ನುವುದು ನಮ್ಮ ಬೆಳೆಗಾರರ ದೂರು. 2016ರಲ್ಲಿ ಕಿಲೋಗೆ ಏಳುನೂರರ ಹತ್ತಿರ ಕಂಡಿದ್ದ ರೇಟು ಇಳಿಯತೊಡಗಿತು, ಗದ್ದಲವಾಗಿ 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಕಿಲೋಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ಕಟ್ಟಿತು. ದಿಲ್ಲಿಯವರು ಕೊಲಂಬೊವನ್ನು ಬೀಜಿಂಗಿನ ಕಡೆ ವಾಲದಂತೆ ಹಿಡಿದಿಟ್ಟುಕೊಳ್ಳಲು ಬಾಗಿಲು ತೆರೆದರೆ, ಅದರ ಚಳಿ ಸಕಲೇಶಪುರದ ಕಣದಲ್ಲಿ ಬೀಸುತ್ತದೆ. ಹಾಗಂತ ಬಾಗಿಲು ಹಾಕಿ ಅಂತಾನೆ ಅಣ್ಣ. ನಾನು ಹಾಗನ್ನಲಾರೆ. ದೊಡ್ಡವರಾಗಿ ಇರುವುದಕ್ಕೆ ಖರ್ಚಿದೆ. ಆ ಖರ್ಚನ್ನು ಮೆಣಸು ಬೆಳೆಯುವವನ ಹೆಸರಿಗೇ ಯಾಕೆ ಬರೆಯುತ್ತೀರಿ ಅಂತ ಕೇಳುವವಳು ನಾನು. ಇದರ ಮೇಲೆ ನಮಗಿಬ್ಬರಿಗೂ ಪ್ರತಿ ಭಾನುವಾರ ಜಗಳ.

ಆದರೆ ಅದೇ ವಿಯೆಟ್ನಾಮನ್ನು ನೋಡಿ ನನಗೆ ಹೊಟ್ಟೆಕಿಚ್ಚು. ರೋಬಸ್ಟಾದಲ್ಲಿ ಜಗತ್ತಿಗೇ ಮೊದಲು ಅನ್ನುವುದಕ್ಕಲ್ಲ. ಅವರ ಬೇಲಿ ನೋಡಿ. ಮೇಲುಗಡೆ ಚೀನಾ. 1978ರಲ್ಲಿ ಅವರು ದೂರದ ಸೋವಿಯತ್ತಿಗೆ ಪೂರ್ತಿ ಚೆರಿ ಹಾಕುತ್ತೇವೆ ಅಂತ ಬರೆದುಕೊಟ್ಟರು. 1979ರ ಫೆಬ್ರವರಿಯಲ್ಲಿ ಚೀನಾ ‘ಪಾಠ ಕಲಿಸುತ್ತೇನೆ’ ಅಂತ ನುಗ್ಗಿದಾಗ ಸೋವಿಯತ್ ಸೈನ್ಯವೇನೂ ಬರಲಿಲ್ಲ. ಡಾಕ್ ಲಾಕ್ ಬೆಟ್ಟಗಳಲ್ಲಿ ಕಾಫಿ ಹಾಕಲು 1980ರಿಂದ ದುಡ್ಡು, ಯಂತ್ರ ಕೊಟ್ಟ ಪೂರ್ವ ಜರ್ಮನಿ, ಗಿಡ ಫಲಕ್ಕೆ ಬರುವ ಹೊತ್ತಿಗೆ ತಾನೇ ಇರಲಿಲ್ಲ. 1991ರಲ್ಲಿ ಸೋವಿಯತ್ತೂ ಹೋಯಿತು. ಆ ವರ್ಷ ನಮ್ಮ ಕಾಫಿಗೂ ಪೆಟ್ಟು ಬಿತ್ತು, ರೂಪಾಯಿ ಲೆಕ್ಕದಲ್ಲಿ ಕೊಳ್ಳುತ್ತಿದ್ದ ದೊಡ್ಡ ಗಿರಾಕಿ ಅವರೇ. ಅಪ್ಪ ಕಾಫಿ ಬೋರ್ಡು ಕಂತಿನಲ್ಲಿ ಕೊಡುತ್ತಿದ್ದ ಪಾಯಿಂಟ್ ದುಡ್ಡಿಗೆ ಕಾದು ಕೂತಿದ್ದು ನನಗೆ ನೆನಪಿದೆ.

ವಿಯೆಟ್ನಾಂ ಕಾದು ಕೂರಲಿಲ್ಲ. 1991ರಲ್ಲೇ ಚೀನಾದ ಜೊತೆ ರಾಜಿ. 1995ರ ಜುಲೈ ಒಂದೇ ತಿಂಗಳಲ್ಲಿ, ತನ್ನ ಮೇಲೆ ಬಾಂಬ್ ಸುರಿದ ಅಮೆರಿಕದ ಜೊತೆ ಸಂಬಂಧ, ತನ್ನನ್ನು ತಡೆಯಲು ಒಂದಾಗಿದ್ದ ಆಗ್ನೇಯ ಏಷ್ಯಾ ದೇಶಗಳ ಕೂಟ ಆಸಿಯಾನ್‌ನ ಸದಸ್ಯತ್ವ. ಸೇನಾ ಮೈತ್ರಿ ಇಲ್ಲ, ಒಬ್ಬರ ಪರ ನಿಂತು ಇನ್ನೊಬ್ಬರ ವಿರುದ್ಧ ಹೋಗುವುದಿಲ್ಲ, ಪರದೇಶದ ನೆಲೆ ಇಲ್ಲ, ಬಲಪ್ರಯೋಗ ಇಲ್ಲ ಅಂತ ನಾಲ್ಕು ‘ಇಲ್ಲ’ಗಳ ನೀತಿ. 2023ರ ಸೆಪ್ಟೆಂಬರ್‌ನಲ್ಲಿ ಬೈಡನ್, ಡಿಸೆಂಬರ್‌ನಲ್ಲಿ ಷಿ ಜಿನ್‌ಪಿಂಗ್, 2024ರ ಜೂನ್‌ನಲ್ಲಿ ಪುಟಿನ್: ಹತ್ತು ತಿಂಗಳೊಳಗೆ ಮೂವರೂ ಹನೋಯ್‌ಗೆ ಬಂದು ಊಟ ಮಾಡಿ ಹೋದರು. ಅವರು ಇದಕ್ಕೆ ಬಿದಿರಿನ ರಾಜತಾಂತ್ರಿಕತೆ ಅಂತ ಹೆಸರಿಟ್ಟಿದ್ದಾರೆ. ನಮ್ಮ ಕಡೆ ಬಿದಿರು ಹೂಬಿಟ್ಟರೆ ಕೆಡುಕು ಅನ್ನುತ್ತಾರೆ, ಆ ಮಾತು ಬೇರೆ.

ಇಂಟರ್ನಲ್ ಪರೀಕ್ಷೆಯಲ್ಲಿ ಆಲೂರಿನ ಹುಡುಗ ಮಂಜರಾಬಾದಿನ ಪ್ರಶ್ನೆಗೆ ಒಂದೂವರೆ ಪುಟ ಬರೆದಿದ್ದ. ‘ನಿಜಾಮನಿಗೆ ತಲೆ ಕೆಟ್ಟಿರಲಿಲ್ಲ, ಕುತ್ತಿಗೆ ನೋವಿತ್ತು, ಒಂದೇ ಕಡೆ ನೋಡುತ್ತಿದ್ದ’ ಅಂತ. ಹತ್ತಕ್ಕೆ ಎಂಟು ಕೊಟ್ಟೆ. ಶ್ರೀರಂಗಪಟ್ಟಣವನ್ನು ಮೂರು ಕಡೆ ಮೂರು ಥರ ಬರೆದಿದ್ದಕ್ಕೆ ಎರಡು ಕಟ್.

ಮನೆಯಲ್ಲಿ ಈಗ ವ್ಯವಹಾರ ಅಣ್ಣನದು. ಅಪ್ಪನ ಕಾಲದ ವ್ಯಾಪಾರಿಯ ಮಗ ಬೆಳಗ್ಗೆ ರೇಟು ಮೆಸೇಜ್ ಮಾಡುತ್ತಾನೆ. ಅಣ್ಣ ಅದನ್ನು ನೋಡಿ ಮೂಡಿಗೆರೆಗೊಂದು, ಬೇಲೂರಿಗೊಂದು ಫೋನ್ ಹಾಕುತ್ತಾನೆ. 2024ರಲ್ಲಿ ಲಂಡನ್ನಿನಲ್ಲಿ ರೋಬಸ್ಟಾ ಟನ್ನಿಗೆ 5,000 ಡಾಲರ್ ದಾಟಿದ್ದ ಸಮಯದಲ್ಲಿ ಮೂಡಿಗೆರೆಯವರಿಗೆ ಮೂವತ್ತು ಮೂಟೆ ಹಾಕಿಯೂ ಬಿಟ್ಟ. ಎರಡೇ ದಿನಕ್ಕೆ ಸಕಲೇಶಪುರದ ಹುಡುಗ ಬೈಕಿನಲ್ಲಿ ಬಂದ. “ಏನಣ್ಣ, ನಮ್ಮನ್ನ ಮರ್ತೇಬುಟ್ರಾ?” ಅಂತ ಕಣದ ಕಟ್ಟೆ ಮೇಲೆ ಕೂತು, ಮೂಟೆಗೆ ಐವತ್ತು ರೂಪಾಯಿ ಜಾಸ್ತಿ ಹೇಳಿ, ಅತ್ತಿಗೆ ಕೊಟ್ಟ ಕಾಫಿ ಕುಡಿದು ಹೋದ.

ಹೋದ ವಾರ ದೊಡ್ಡ ತೋಟದ ಮ್ಯಾನೇಜರ್ ಬಂದಿದ್ದರು. ಬೇಲಿಯನ್ನು ನಿಮ್ಮ ಮೇರೆ ತನಕ ಎಳೆದುಕೊಡುತ್ತೇವೆ, ಖರ್ಚು ನಮ್ಮದೇ, ಕರೆಂಟಿನ ಪೆಟ್ಟಿಗೆ ಮಾತ್ರ ನಮ್ಮ ಕಡೆಯೇ ಇರುತ್ತದೆ ಅಂದರು. ಅಣ್ಣ ಅವರಿಗೆ ಕುರ್ಚಿ ಹಾಕಿದ, ಬಾಳೆಹಣ್ಣು ಕೊಟ್ಟ, ಮಳೆ ವಿಚಾರ ಮಾತಾಡಿದ. ಅವರು ಏಳುವ ಹೊತ್ತಿಗೆ, “ಮೇಲ್ಮನೆಯೋರನ್ನೂ ಒಂದ್ ಮಾತ್ ಕೇಳ್ತೀನಿ ಸಾರ್,” ಅಂದ.

ನಾಲ್ಕು ವರ್ಷದ ಮೇಲೆ ಅವನು ಆ ಮನೆ ಮೆಟ್ಟಿಲು ಹತ್ತಿದ್ದು ಅವತ್ತು ಸಾಯಂಕಾಲ. ಅವರ ನಾಯಿಗೆ ಅವನ ಗುರುತು ಸಿಗದೆ ಒಂದೇ ಸಮ ಬೊಗಳಿತಂತೆ.